‘ಯಾವುದೋ’ ಹಕ್ಕಿ

ನನ್ನ ಕಂಪ್ಯೂಟರಿನಲ್ಲಿ ‘ಯಾವುದೋ’ ಅಂತ ಒಂದು ಫೋಲ್ಡರ್ ಇದೆ. ಹೆಸರು ಹತ್ತದ ಹಕ್ಕಿಗಳ ಫೋಟೋಗಳೆಲ್ಲ ಅದರೊಳಗೆ ಹೋಗಿ ಬೀಳುತ್ತವೆ. ಅಳಿಸಲು ಮನಸ್ಸು ಬರುವುದಿಲ್ಲ. ಬಲ್ಲವರಿಗೆ ತೋರಿಸಿ ಕೇಳೋಣ ಅಂದರೆ ನಾಚಿಕೆ, ಅಷ್ಟು ಕೆಟ್ಟದಾಗಿರುತ್ತವೆ. ಬರೀ ಬೆನ್ನು ಕಾಣುವ ಹಕ್ಕಿ, ಎಲೆಯ ಸಂದಿನಿಂದ ಇಣುಕುವ ಒಂದೇ ಕಣ್ಣು, ಹಕ್ಕಿ ಹಾರಿಹೋದ ಮೇಲೆ ಉಳಿದ ಕೊಂಬೆ. ಖಾಲಿ ಕೊಂಬೆಯ ಫೋಟೋವನ್ನು ಯಾಕೆ ಇಟ್ಟುಕೊಂಡಿದ್ದೀಯ ಅಂತ ಮನೆಯವರು ಕೇಳಿದ್ದಾರೆ. ಉತ್ತರ ಇಲ್ಲ.

ಈ ಫೋಲ್ಡರಿಗೂ ನಮ್ಮ ತೋಟದ ಕೊಲ್ಲಿಗೂ (ಸಣ್ಣ ಹಳ್ಳಕ್ಕೆ ನಮ್ಮ ಕಡೆ ಹಾಗನ್ನುತ್ತೇವೆ) ಒಂದು ಸಂಬಂಧ ಇದೆ ಅಂತ ಗೊತ್ತಾಗಿದ್ದು ಈಚೆಗೆ. ಮೊದಲು ಕೊಲ್ಲಿಯ ವಿಷಯ ಹೇಳುತ್ತೇನೆ.

ನಮ್ಮದು ಸೋಮವಾರಪೇಟೆ ತಾಲ್ಲೂಕು, ಶಾಂತಳ್ಳಿ ಕಡೆ. ಕಣದಲ್ಲಿ ನಿಂತರೆ, ಮೋಡ ಇಲ್ಲದ ದಿನ, ಪುಷ್ಪಗಿರಿ ಕಾಣುತ್ತದೆ. 1712 ಮೀಟರ್ ಎತ್ತರದ ಬೆಟ್ಟ. ಮಳ್ಳಳ್ಳಿ ಜಲಪಾತಕ್ಕೆ ಹೋಗುವ ಕಾರುಗಳು ದಾರಿ ತಪ್ಪಿದರೆ ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುತ್ತವೆ. ಕೊರಳಿಗೆ ದೊಡ್ಡ ಕ್ಯಾಮೆರಾ ಹಾಕಿಕೊಂಡವರು ಇಳಿದು ಕೇಳುತ್ತಾರೆ, ನಾನೂ ನನ್ನ ಕೊರಳಿನ ಕ್ಯಾಮೆರಾ ಸರಿಸಿಕೊಂಡು ದಾರಿ ಹೇಳುತ್ತೇನೆ. ತೋಟ ದೊಡ್ಡದೇನಲ್ಲ. ಪೂರ್ತಿ ಅರೇಬಿಕಾ. ಮೇಲೆ ಸಿಲ್ವರ್ ಓಕ್, ಹಾಲವಾಣ, ಅತ್ತಿ, ಹಲಸು, ಅವುಗಳ ಮೈಮೇಲೆ ಮೆಣಸಿನ ಬಳ್ಳಿ. ತೋಟದ ಕೆಳ ಅಂಚಿನಲ್ಲಿ ಒಂದು ಕೊಲ್ಲಿ. ಮಳೆಗಾಲದಲ್ಲಿ ಅದರ ಸದ್ದಿಗೆ ಮನೆಯೊಳಗೂ ಗಟ್ಟಿಯಾಗಿ ಮಾತಾಡಬೇಕು. ಜನವರಿಯಲ್ಲಿ ಬಟ್ಟೆ ಹಿಂಡಿದಷ್ಟು ನೀರು.

2018ರ ಆಗಸ್ಟ್ ಮಳೆ ಕೊಡಗಿನಲ್ಲಿ ಯಾರಿಗೂ ಮರೆಯುವುದಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡಗಳೇ ಜಾರಿದವು. ಮನೆ ಹೋಯಿತು, ತೋಟ ಹೋಯಿತು, ಜನವೂ ಹೋದರು. ಅದರ ಮುಂದೆ ನಮಗಾಗಿದ್ದು ಏನೂ ಅಲ್ಲ. ಕೊಲ್ಲಿಯ ದಂಡೆ ಒಂದು ಕಡೆ ಜರಿದು ನಲವತ್ತು ಚಿಲ್ಲರೆ ಕಾಫಿ ಗಿಡ, ಒಂದು ಹಾಲವಾಣ ಮರ ಕೆಳಗೆ ಹೋದವು. ಅಪ್ಪ ಮಳೆ ನಿಂತ ಮೇಲೆ ಕೊಡೆ ಊರಿಕೊಂಡು ಹೋಗಿ ನೋಡಿ ಬಂದರು. ‘ಕೊಲ್ಲಿ ತಗೊಂಡಿದೆ. ಅದರದ್ದೇ ಇರ್ಲಿ ಬಿಡು’ ಅಂದರು. ಅಲ್ಲಿ ಮತ್ತೆ ಗಿಡ ಹಾಕಲಿಲ್ಲ. ಮಣ್ಣು ಮತ್ತೆ ಸಡಿಲವಾಗುತ್ತದೆ ಅನ್ನುವ ಹೆದರಿಕೆಗೆ ಕಳೆ ತೆಗೆಸುವುದನ್ನೂ ಬಿಟ್ಟರು. ಜರಿಗಿಡ ಬಂತು, ಲಂಟಾನ ಬಂತು, ಕಾಡು ಏಲಕ್ಕಿ ಬಂತು. ಬಿದ್ದ ಹಾಲವಾಣದ ಬೊಡ್ಡೆ ಅಲ್ಲೇ ಕೊಳೆಯುತ್ತಾ ಕೂತಿತು. ಪಕ್ಕದ ತೋಟದವರು ಅದನ್ನು ನೋಡಿ ‘ಇದೇನು ಕಾಡು ಬಿಟ್ಟಿದ್ದೀರಿ?’ ಅಂತ ಕೇಳುತ್ತಿದ್ದರು. ತೋಟ ಚೊಕ್ಕವಾಗಿ ಕಾಣದಿದ್ದರೆ ನಮ್ಮ ಕಡೆ ಯಜಮಾನನ ಮಾನ ಹೋದಂತೆ.

ಎರಡು ವರ್ಷದ ಹಿಂದೆ ಜನವರಿ ಕೊನೆಯಲ್ಲಿ ನಾನು ಆ ಕಾಡು ಬಿಟ್ಟ ಜಾಗಕ್ಕೆ ಹೋಗಿ ಕೂತೆ. ಅರೇಬಿಕಾ ಕೊಯ್ಲು ಮುಗಿಯುವ ಹಂತದಲ್ಲಿತ್ತು. ಅವತ್ತು ಸಂತೆ, ಕೆಲಸಕ್ಕೆ ರಜೆ. ನಿಜ ಹೇಳಬೇಕು ಅಂದರೆ ನಾನು ಹೋಗಿದ್ದು ಸಿಳ್ಳಾರಕ್ಕಾಗಿ. ಮಳೆಗಾಲದ ಬೆಳಗಿನಲ್ಲಿ, ಶಾಲೆಗೆ ಹೋಗಲು ಮನಸ್ಸಿಲ್ಲದ ಹುಡುಗ ಶಿಳ್ಳೆ ಹೊಡೆದುಕೊಂಡು ಹೋದ ಹಾಗೆ ಹಾಡುತ್ತದಲ್ಲ, ಅದೇ ಹಕ್ಕಿ. ಕೊಲ್ಲಿಯ ಕಲ್ಲಿನ ಮೇಲೆ ಅದು ಬಂದು ಕೂರುವುದು ನನಗೆ ಗೊತ್ತಿತ್ತು. ನೀಲಿ ಹಣೆಯ ಮೇಲೆ ಬೆಳಕು ಬಿದ್ದಾಗ ಒಂದು ಫೋಟೋ ಬೇಕಿತ್ತು.

ಸಿಳ್ಳಾರ ಬರಲಿಲ್ಲ. ಚಗಳಿ ಇರುವೆ ಬಂದವು. ಕಾಫಿ ಹಣ್ಣು ಕೊಯ್ಯುವವರಿಗೆ ಚಗಳಿಯ ಬಗ್ಗೆ ಹೇಳಬೇಕಾಗಿಲ್ಲ. ಪ್ಯಾಂಟಿನೊಳಗೆ ಹತ್ತಿದ ಇರುವೆಯನ್ನು ಸದ್ದು ಮಾಡದೆ, ಅಲುಗಾಡದೆ ತೆಗೆಯುವುದು ಹೇಗೆ ಅನ್ನುವುದನ್ನು ಕ್ಯಾಮೆರಾ ಕಲಿಸುವ ಯಾವ ವಿಡಿಯೋದಲ್ಲೂ ಹೇಳುವುದಿಲ್ಲ.

ಒಂದು ಗಂಟೆ ಕಳೆದಿರಬೇಕು. ಮೇಲೆ ಕುಟ್ರು ಹಕ್ಕಿ ಒಂದೇ ಸಮನೆ ಕುಟ್ರು ಕುಟ್ರು ಅನ್ನುತ್ತಿತ್ತು. ಹರಟೆಮಲ್ಲಗಳ ಗುಂಪು ಜಗಳವಾಡಿಕೊಂಡು ದಾಟಿಹೋಯಿತು. ಅವು ಹೋದ ಮೇಲೆ ಒಂದು ಸದ್ದು. ಟಕ್. ಸ್ವಲ್ಪ ಬಿಟ್ಟು, ಟಕ್ ಟಕ್. ಎರಡು ಸಣ್ಣ ಕಲ್ಲನ್ನು ಒಂದಕ್ಕೊಂದು ಮೆಲ್ಲಗೆ ತಾಗಿಸಿದ ಹಾಗೆ. ಕಪ್ಪೆಯೋ ಏನೋ ಅಂದುಕೊಂಡೆ. ಆಮೇಲೆ ನೆಲದ ಮೇಲಿದ್ದ ಹಾಲವಾಣದ ಎಲೆಯೊಂದು ತಾನಾಗಿ ಮಗುಚಿಕೊಂಡಿತು.

ಎಲೆಯ ಹಿಂದೆ ಹಕ್ಕಿ ಇತ್ತು.

ಗುಬ್ಬಿಯಷ್ಟು ಉದ್ದ. ನಿಂತ ಭಂಗಿ ಮಾತ್ರ ಗುಬ್ಬಿಯದ್ದಲ್ಲ. ಎದೆ ಮುಂದೆ ಮಾಡಿ, ಕಾಲು ಚಾಚಿ, ಓಟಕ್ಕೆ ನಿಂತವರ ಹಾಗೆ. ಎದೆಯೆಲ್ಲ ಕಿತ್ತಳೆ. ಹಣ್ಣಾದ ಕಿತ್ತಳೆಯಲ್ಲ, ಇಟ್ಟಿಗೆಯ ಕಡೆ ಸ್ವಲ್ಪ ತಿರುಗಿದ ಕಿತ್ತಳೆ. ಬೆನ್ನು ಸ್ಲೇಟಿನ ನೀಲಿ. ಕೆನ್ನೆ ಕಪ್ಪು. ಕಣ್ಣಿನ ಮೇಲೆ ಸುಣ್ಣದ ಕಡ್ಡಿಯಿಂದ ಎಳೆದ ಹಾಗೆ ಬಿಳಿ ಗೆರೆ. ಕಾಲು ತೆಳು ಗುಲಾಬಿ. ಎರಡು ಹಾರು ಹಾರುತ್ತದೆ, ನಿಲ್ಲುತ್ತದೆ, ಬಾಲವನ್ನು ಪಟಪಟ ಕುಣಿಸುತ್ತದೆ, ಎಲೆ ಮಗುಚುತ್ತದೆ, ಏನನ್ನೋ ತಿನ್ನುತ್ತದೆ, ಮತ್ತೆ ನಿಲ್ಲುತ್ತದೆ. ಹುಟ್ಟಿದಾಗಿನಿಂದ ನೋಡಿದ ಈ ತೋಟದಲ್ಲಿ ಇಂಥದ್ದೊಂದು ಹಕ್ಕಿಯನ್ನು ನಾನು ನೋಡಿರಲಿಲ್ಲ.

ಆ ಹೊತ್ತಿನಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು, ಕೈ ನಡುಗುತ್ತಿತ್ತು ಅಂತೆಲ್ಲ ಬರೆಯಬಹುದು. ಕೈ ನಡುಗಿದ್ದು ನಿಜ. ಆದರೆ ತಲೆಯಲ್ಲಿ ಓಡುತ್ತಿದ್ದದ್ದು ಬೆಳಕಿನ ಲೆಕ್ಕ. ಬೆಳಿಗ್ಗೆ ಒಂಬತ್ತು ಗಂಟೆಯಾದರೂ ಕಾಫಿ ಗಿಡದ ಕೆಳಗೆ ಸಂಜೆಯೇ. ಮೇಲೆ ಮರದ ನೆರಳು, ಅದರ ಕೆಳಗೆ ಕಾಫಿಯ ನೆರಳು, ಅದರ ಕೆಳಗೆ ಜರಿಗಿಡದ ನೆರಳು. ನನ್ನ ಲೆನ್ಸ್ ಉದ್ದವಾಗಿದೆ, ಆದರೆ ಪೂರ್ತಿ ಚಾಚಿದಾಗ ಬೆಳಕು ಬಿಡುವ ಅದರ ಕಿಂಡಿ ಎಫ್ 6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, ಅಂದರೆ ಐಎಸ್ಒ ಅನ್ನು, 6400ಕ್ಕೆ ಏರಿಸಿದರೂ ಶಟರ್ ಸೆಕೆಂಡಿನ ನೂರನೇ ಒಂದು ಭಾಗದ ಹತ್ತಿರವೇ ತೆವಳುತ್ತಿತ್ತು. ಲೆನ್ಸಿನೊಳಗಿನ ಸ್ಟೆಬಿಲೈಸೇಶನ್ ನನ್ನ ಕೈಯ ನಡುಕವನ್ನು ಹಿಡಿಯುತ್ತದೆ. ಹಕ್ಕಿಯ ಬಾಲದ ನಡುಕವನ್ನು ಹಿಡಿಯುವುದಿಲ್ಲ.

ಅದು ನಿಂತಾಗ ಮಾತ್ರ ಒತ್ತಬೇಕು. ಅದು ನಿಲ್ಲುವುದು ಒಂದು ಉಸಿರಿನಷ್ಟು. ಬಾಲ ಕುಣಿಯುವುದಕ್ಕೂ ಎಲೆ ಮಗುಚುವುದಕ್ಕೂ ನಡುವೆ ಒಂದು ಬಿಡುವು ಇದೆ ಅಂತ ಸ್ವಲ್ಪ ಹೊತ್ತಿಗೆ ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ಅದು ಜರಿಗಿಡದೊಳಗೆ ಸೇರಿಕೊಂಡಿತು. ಒಟ್ಟು 43 ಫೋಟೋ. ಮೂವತ್ತರಲ್ಲಿ ಹಕ್ಕಿ ಮಸುಕು. ಒಂದಿಷ್ಟರಲ್ಲಿ ಜರಿಯ ಎಲೆ ಸ್ಪಷ್ಟ, ಹಕ್ಕಿ ಮಂಜು. ಎರಡರಲ್ಲಿ ಕಣ್ಣು ಸರಿಯಾಗಿ ಬಂದಿತ್ತು. ಆ ಎರಡರಲ್ಲೂ ಬೆನ್ನು ನೀಲಿಯಾಗಿರಲಿಲ್ಲ. ಕೊಳೆ ಬೂದಿ ಬಣ್ಣ.

ಕಣ್ಣಿಗೆ ನೀಲಿ ಕಂಡದ್ದು ಕ್ಯಾಮೆರಾಕ್ಕೆ ಯಾಕೆ ಕಾಣಲಿಲ್ಲ ಅಂತ ಅವತ್ತು ತಲೆ ಕೆಡಿಸಿಕೊಂಡೆ. ಆಮೇಲೆ ಓದಿ ತಿಳಿದದ್ದು ಇಷ್ಟು. ಹಕ್ಕಿಗಳ ನೀಲಿ ಪುಕ್ಕದಲ್ಲಿ ನೀಲಿ ಬಣ್ಣ ಅನ್ನುವ ವಸ್ತು ಇರುವುದಿಲ್ಲ. ಪುಕ್ಕದೊಳಗಿನ ತೀರಾ ಸಣ್ಣ ರಚನೆ ಬೆಳಕನ್ನು ಚದುರಿಸಿ ನೀಲಿಯನ್ನು ಮಾತ್ರ ನಮ್ಮ ಕಡೆ ಕಳಿಸುತ್ತದೆ. ನೀಲಿ ಪುಕ್ಕವನ್ನು ಅರೆದು ಪುಡಿ ಮಾಡಿದರೆ ನೀಲಿ ಪುಡಿ ಸಿಗುವುದಿಲ್ಲ, ಕಂದು ಪುಡಿ ಸಿಗುತ್ತದೆ. ಕೆಳಗೆ ಬೆಳಕೇ ಇಲ್ಲದಿದ್ದರೆ ಚದುರಿಸಲು ಏನಿದೆ? ಇದ್ದ ಅಷ್ಟಿಷ್ಟು ಬೆಳಕೂ ಎಲೆಗಳ ಮೂಲಕ ಸೋಸಿ ಬಂದು ಹಸಿರಾಗಿತ್ತು. ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿ ನೀಲಿ ಮಾಡಬಹುದು. ಮಾಡಿ ನೋಡಿದೆ. ದಸರಾ ಟ್ಯಾಬ್ಲೋದ ಹಕ್ಕಿಯ ಹಾಗೆ ಆಯಿತು. ವಾಪಸ್ ಬೂದಿಗೇ ತಂದೆ.

ಮನೆಗೆ ಬಂದು ಎರಡು ಫೋಟೋವನ್ನು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

‘ಇದಕ್ಕೆ ಬೆಳಿಗ್ಗೆಯಿಂದ ಅಲ್ಲಿ ಕೂತಿದ್ದಾ?’

‘ಹೌದಪ್ಪ.’

‘ಕಣದಲ್ಲಿ ಕಾಫಿ ಮಗುಚೋಕೆ ಜನ ಇಲ್ಲ’ ಅಂದರು. ಹಕ್ಕಿ ಎಲೆ ಮಗುಚುವುದನ್ನು ನೋಡುತ್ತಾ ಕೂತವನು ನಾನು. ಮಾತಾಡದೆ ಕಣಕ್ಕೆ ಹೋದೆ.

ಇನ್ನು ಹೆಸರಿನ ವಿಷಯ. ಕಣದಲ್ಲಿ ಕಾಫಿ ಎಳೆಯುತ್ತಲೇ ನನ್ನ ತಲೆಯಲ್ಲಿ ಒಂದು ಹೆಸರು ಕೂತುಬಿಟ್ಟಿತ್ತು. ನೀಲಗಿರಿ ಬ್ಲೂ ರಾಬಿನ್. ಅದಕ್ಕೆ ಶೋಲಕಿಲಿ ಅಂತಲೂ ಹೆಸರಿದೆ. ಪಾಲ್ಘಾಟ್ ಕಣಿವೆಯ ಉತ್ತರಕ್ಕಿರುವ ಎತ್ತರದ ಶೋಲಾ ಕಾಡುಗಳಲ್ಲಿ ಮಾತ್ರ ಇರುವ ಹಕ್ಕಿ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಳಿವಿನಂಚಿನ ಪಟ್ಟಿಯಲ್ಲಿದೆ. ವಿಜ್ಞಾನಿಗಳು ಅದಕ್ಕೂ ಅದರ ದಾಯಾದಿಗೂ ಸೇರಿಸಿ ‘ಶೋಲಿಕೋಲ’ ಅಂತ ಹೊಸ ಕುಲವನ್ನೇ ಮಾಡಿದ್ದು 2017ರಲ್ಲಿ. ಅಂಥ ಹಕ್ಕಿ ನಮ್ಮ ಕೊಲ್ಲಿಯಲ್ಲಿ! ಯಾರು ಯಾರಿಗೆ ಫೋನ್ ಮಾಡಬೇಕು ಅಂತ ಪಟ್ಟಿಯೂ ತಯಾರಾಗಿತ್ತು.

ಮಡಿಕೇರಿಯಲ್ಲಿ ಒಬ್ಬ ಗೆಳೆಯ ಇದ್ದಾನೆ. ಹಕ್ಕಿ ವಿಷಯದಲ್ಲಿ ನನಗಿಂತ ಇಪ್ಪತ್ತು ವರ್ಷ ಮುಂದೆ. ಅವನಿಗೆ ಫೋಟೋ ಕಳಿಸಿ, ಕೆಳಗೆ ದೊಡ್ಡದಾಗಿ ‘ಶೋಲಕಿಲಿ’ ಅಂತ ಬರೆದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. ಎರಡೇ ಪದ.

‘ಹುಬ್ಬು ನೋಡು.’

ಹುಬ್ಬು ನೋಡಿದೆ. ಆ ಬಿಳಿ ಗೆರೆ. ಶೋಲಕಿಲಿಗೆ ಅಷ್ಟು ಉದ್ದ, ಅಷ್ಟು ಬೆಳ್ಳನೆಯ ಹುಬ್ಬು ಇರುವುದಿಲ್ಲ. ಅದರ ಎದೆಯೂ ನೀಲಿ, ಪಕ್ಕೆಯಲ್ಲಿ ಮಾತ್ರ ಕಂದುಗೆಂಪು. ನನ್ನ ಹಕ್ಕಿಗೆ ಗಂಟಲಿನಿಂದಲೇ ಕಿತ್ತಳೆ. ಇದು ಇಂಡಿಯನ್ ಬ್ಲೂ ರಾಬಿನ್. ಚಳಿಗಾಲಕ್ಕೆ ಬಂದು ಹೋಗುವ ಹಕ್ಕಿ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಕಾಫಿ ತೋಟಗಳಲ್ಲಿ, ಶ್ರೀಲಂಕಾದ ಬೆಟ್ಟಗಳಲ್ಲಿ ಚಳಿಗಾಲ ಕಳೆಯುವುದು ಅದರ ವಾಡಿಕೆ. ಅಳಿವಿನಂಚಿನದ್ದೂ ಅಲ್ಲ.

ನನಗೆ ಬೇಜಾರಾಯಿತು. ಬೆಳಿಗ್ಗೆ ಜೀವಮಾನದಲ್ಲಿ ಮೊದಲ ಸಲ ಕಂಡ ಹಕ್ಕಿ, ಸಂಜೆಗೆ ‘ಬರೀ ಬ್ಲೂ ರಾಬಿನ್’ ಆಗಿಹೋಯಿತು. ಹಕ್ಕಿಯಲ್ಲಿ ಒಂದು ಪುಕ್ಕವೂ ಬದಲಾಗಿರಲಿಲ್ಲ. ಹಕ್ಕಿ ನೋಡುವವರಲ್ಲಿ ಈ ಚಟ ಇದೆ. ಸಿಕ್ಕಿದ್ದಕ್ಕೆ ಬೆಲೆ ಕಟ್ಟುವುದು ಅದು ಎಷ್ಟು ಜನಕ್ಕೆ ಸಿಕ್ಕಿಲ್ಲ ಅನ್ನುವುದರ ಮೇಲೆ. ಸೈಟು ಕೊಂಡವರು ಮಾತಾಡುವುದೂ ಹೀಗೇ ಅಲ್ವಾ?

ಬೇಜಾರು ಎರಡು ದಿನ ಇತ್ತು. ಮೂರನೇ ದಿನ ಸುಮ್ನೆ ಅದರ ಬಗ್ಗೆ ಓದಲು ಕೂತೆ. ಅಲ್ಲಿಂದ ಬೇಜಾರು ಕರಗುತ್ತಾ ಬಂತು.

ಮರಿ ಮಾಡುವುದು ಹಿಮಾಲಯದಲ್ಲಿ. ಅಲ್ಲಿಂದ ನಮ್ಮ ಕೊಲ್ಲಿಗೆ ಏನಿಲ್ಲವೆಂದರೂ 2,000 ಕಿಲೋಮೀಟರಿನ ಆಸುಪಾಸು. ಹಕ್ಕಿಯ ತೂಕ ಇಪ್ಪತ್ತು ಗ್ರಾಮನ್ನೂ ದಾಟುವುದಿಲ್ಲ. ಎರಡು ಚಮಚ ಕಾಫಿಪುಡಿ ಹಾಕಿ ತೂಗಿದರೆ ಅಷ್ಟು ಬರಬಹುದು. ಇಂಥ ಸಣ್ಣ ಹಾಡುಹಕ್ಕಿಗಳು ಸಾಮಾನ್ಯವಾಗಿ ರಾತ್ರಿ ಹೊತ್ತು ಹಾರುತ್ತವೆ. ಗಂಗೆಯ ಬಯಲು, ವಿಂಧ್ಯ, ದಖ್ಖನ್ ಎಲ್ಲವನ್ನೂ ಕತ್ತಲೆಯಲ್ಲಿ ದಾಟಿ, ಅಕ್ಟೋಬರಿನಲ್ಲಿ ನಮ್ಮ ಮಳೆ ಮುಗಿಯುವ ಹೊತ್ತಿಗೆ ಬಂದು ಇಳಿಯುತ್ತವೆ. ಇಷ್ಟು ದೂರ ಹಾರಿ ಬಂದ ಮೇಲೆ ಆರು ತಿಂಗಳು ಹೆಚ್ಚುಕಡಿಮೆ ನಡೆದುಕೊಂಡೇ ಕಾಲ ಹಾಕುತ್ತವೆ. ನೆಲ, ಎಲೆ, ಹುಳ. ಇದರ ಕುಲದ ಹೆಸರು ‘ಲಾರ್ವಿವೋರ’. ಮರಿಹುಳ ತಿನ್ನುವುದು ಅಂತ ಅರ್ಥ. ಕಠ್ಮಂಡುವಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ರಯಾನ್ ಹಾಡ್ಜ್‌ಸನ್ 1837ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಮೊದಲು ಇದನ್ನು ಥ್ರಶ್ ಹಕ್ಕಿಗಳ ಕುಟುಂಬದಲ್ಲಿ ಇಟ್ಟಿದ್ದರು. ಡಿಎನ್ಎ ನೋಡಿದ ಮೇಲೆ ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದರು. ನಮ್ಮ ಅಂಗಳದಲ್ಲಿ ಬೆಳಗಾಗೆದ್ದು ಹಾಡುವ ಮಡಿವಾಳ ಹಕ್ಕಿಯೂ ಅದೇ ಮನೆತನ. ತಮಾಷೆ ಅಂದರೆ ನಾನು ಕಾಯುತ್ತಿದ್ದ ಸಿಳ್ಳಾರವನ್ನೂ ಈಗ ಅದೇ ಕುಟುಂಬಕ್ಕೆ ತಂದಿದ್ದಾರೆ. ಅವತ್ತು ಅಣ್ಣನಿಗಾಗಿ ಕಾದು ತಮ್ಮನನ್ನು ನೋಡಿದಂತಾಯಿತು.

ಅಲ್ಲಿಂದ ಕೊಲ್ಲಿಗೆ ಹೋಗುವುದು ಅಭ್ಯಾಸವಾಯಿತು. ಒಂದು ತಪ್ಪನ್ನೂ ಮಾಡಿದೆ. ಇಲ್ಲಿ ಬರೆಯದೆ ಬಿಟ್ಟರೆ ಸರಿಯಾಗುವುದಿಲ್ಲ. ಫೋನಿನಲ್ಲಿ ಅದರ ಹಾಡಿನ ರೆಕಾರ್ಡಿಂಗ್ ಸಿಗುತ್ತದೆ. ಅದನ್ನು ಹಾಕಿದರೆ ಹಕ್ಕಿ ಹೊರಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಒಂದು ಸಂಜೆ, ಬರೀ ಬಾಲ ಕಂಡು ಕಂಡು ಸಾಕಾಗಿ, ನಾನೂ ಹಾಕಿದೆ. ಇಪ್ಪತ್ತು ಸೆಕೆಂಡು ಕೂಡ ಇಲ್ಲ. ಹಕ್ಕಿ ಜರಿಯಿಂದ ಹೊರಗೆ ಬಂದು ಹಾಲವಾಣದ ಬೊಡ್ಡೆಯ ಮೇಲೆ ನಿಂತಿತು. ನನ್ನಿಂದ ಆರು ಅಡಿ ದೂರ. ನೆಟ್ಟಗೆ, ಸೆಟೆದುಕೊಂಡು. ಆ ಕಡೆ ನೋಡುತ್ತದೆ, ಈ ಕಡೆ ನೋಡುತ್ತದೆ. ತನ್ನ ಜಾಗಕ್ಕೆ ಬಂದ ಇನ್ನೊಂದು ಗಂಡನ್ನು ಹುಡುಕುತ್ತಿದೆ. ಇಲ್ಲದ ವೈರಿಗೆ ಅದು ಹಾಗೆ ಸಿದ್ಧವಾಗಿ ನಿಂತಿದ್ದನ್ನು ನೋಡಿ ನನಗೆ ಕ್ಯಾಮೆರಾ ಎತ್ತಲು ಆಗಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಎತ್ತಿದೆ. ಹನ್ನೊಂದು ಫೋಟೋ ತೆಗೆದೆ. ನನ್ನ ಬಳಿ ಇರುವ ಬ್ಲೂ ರಾಬಿನ್ ಫೋಟೋಗಳಲ್ಲೆಲ್ಲ ಚೆಂದ ಬಂದದ್ದು ಅವೇ. ಯಾರಿಗೂ ತೋರಿಸಿಲ್ಲ. ಮೂರು ದಿನ ಅದು ಆ ಬೊಡ್ಡೆಯ ಹತ್ತಿರ ಕಾಣಲಿಲ್ಲ. ನನ್ನಿಂದಲೇ ಅಂತ ಸಾಬೀತು ಮಾಡಲಾಗದು, ಆದರೆ ಆಮೇಲೆ ನಾನು ಹಾಡು ಹಾಕಿಲ್ಲ.

ಫೆಬ್ರವರಿಯಲ್ಲಿ ಅದೇ ಜಾಗದ ಮೇಲಿನ ಕಡೆ, ಕಾಡು ಏಲಕ್ಕಿಯ ಬುಡದಲ್ಲಿ ಇನ್ನೊಂದು ಹಕ್ಕಿ ಕಂಡಿತು. ಅದೇ ಗಾತ್ರ, ಅದೇ ಗುಲಾಬಿ ಕಾಲು, ಅದೇ ಬಾಲದ ಕುಣಿತ. ಬಣ್ಣ ಮಾತ್ರ ಏನೂ ಇಲ್ಲ. ಬೆನ್ನು ಕಂದು, ಅದರಲ್ಲಿ ಸ್ವಲ್ಪ ಹಸಿರು ಬೆರೆತ ಹಾಗೆ. ಎದೆ, ಪಕ್ಕೆ ಮಾಸಲು ಹಳದಿ, ಹೊಟ್ಟೆಯ ನಡುವೆ ಬಿಳಿ. ಹುಬ್ಬೂ ಇಲ್ಲ. ಹೆಣ್ಣು. ಒಣಗಿದ ಕಾಫಿ ಎಲೆಯ ನಡುವೆ ನಿಂತರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕ್ಯಾಮೆರಾದ ಫೋಕಸ್ಸಿಗೂ ಗೊತ್ತಾಗಲಿಲ್ಲ, ಅದು ಎಲೆಯನ್ನೇ ಹಿಡಿಯುತ್ತಿತ್ತು.

ಅವತ್ತು ರಾತ್ರಿ ಫೋಟೋಗಳನ್ನು ಕಂಪ್ಯೂಟರಿಗೆ ಹಾಕುವಾಗ ಏನೋ ಕಸಿವಿಸಿ. ಈ ಕಾಲು, ಈ ನಿಲುವು ಎಲ್ಲೋ ನೋಡಿದ್ದೇನೆ. ಪುಸ್ತಕದಲ್ಲಿ ಅಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ. ‘ಯಾವುದೋ’ ಫೋಲ್ಡರ್ ತೆರೆದೆ.

ಕೆಳಗಿನಿಂದ ಮೂರನೇ ಸಾಲಿನಲ್ಲಿ ಸಿಕ್ಕಿತು. ಒದ್ದೆ ಮರದ ಬೊಡ್ಡೆಯ ಪಕ್ಕದಲ್ಲಿ ಒಂದು ಕಂದು ಹಕ್ಕಿ. ಗುಲಾಬಿ ಕಾಲು. ಬಾಲ ಮಸುಕು, ಯಾಕೆಂದರೆ ಕುಣಿಯುತ್ತಿತ್ತು. ಕಣ್ಣು ಮಾತ್ರ ಚೂಪಾಗಿ ಬಂದಿದೆ, ನನ್ನನ್ನೇ ನೋಡುತ್ತಿದೆ. ಫೋಟೋದ ದಿನಾಂಕ 2019ರ ಫೆಬ್ರವರಿ. ದಂಡೆ ಜರಿದ ಮಳೆಯ ನಂತರದ ಮೊದಲ ಚಳಿಗಾಲ. ಬೊಡ್ಡೆ ನಮ್ಮ ಹಾಲವಾಣದ್ದೇ, ಇನ್ನೂ ತೊಗಟೆ ಉದುರಿರಲಿಲ್ಲ.

ಅಂದರೆ ನಾನು ಇದನ್ನು ಮೊದಲ ಸಲ ನೋಡಿದ್ದು ಆ ಜನವರಿಯಲ್ಲಿ ಅಲ್ಲ. ಎಷ್ಟೋ ವರ್ಷ ಮೊದಲೇ ನೋಡಿದ್ದೆ. ಬರೀ ನೋಡಿದ್ದಲ್ಲ, ಫೋಟೋ ತೆಗೆದಿದ್ದೆ. ಯಾವುದೋ ಹರಟೆಮಲ್ಲದ ಜಾತಿ ಇರಬೇಕು ಅಂದುಕೊಂಡು ಪಕ್ಕಕ್ಕೆ ಎಸೆದಿದ್ದೆ.

ಇದನ್ನು ಗೆಳೆಯನಿಗೆ ಹೇಳಿದಾಗ ಅವನು ನಕ್ಕ. ‘ಒಳ್ಳೇದಾಯ್ತು. ಇ-ಬರ್ಡ್‌ಗೆ ಹಾಕು. ಹಳೇ ದಿನಾಂಕಕ್ಕೂ ಹಾಕಬಹುದು’ ಅಂದ. ಇ-ಬರ್ಡ್‌ನಲ್ಲಿ ನಾವು ಎಲ್ಲಿ ಯಾವತ್ತು ಯಾವ ಹಕ್ಕಿ ನೋಡಿದೆವು ಅಂತ ದಾಖಲಿಸಬಹುದು. ಒಂದು ಹಕ್ಕಿಯನ್ನು ಜೀವನದಲ್ಲಿ ಮೊದಲ ಸಲ ನೋಡಿದರೆ ನಮ್ಮವರು ಅದಕ್ಕೆ ‘ಲೈಫರ್’ ಅನ್ನುತ್ತಾರೆ. ಆ ದಿನಾಂಕವನ್ನು ಅದೇ ಲೆಕ್ಕ ಇಟ್ಟುಕೊಳ್ಳುತ್ತದೆ. ಹಳೆಯ ದಾಖಲೆ ಒಂದು ಸೇರಿಸಿದರೆ ಮೊದಲ ದಿನಾಂಕವೂ ತಾನಾಗಿ ಹಿಂದಕ್ಕೆ ಹೋಗುತ್ತದೆ.

ನನಗೆ ಅಲ್ಲೇ ಕಷ್ಟ ಆಯಿತು. 2019ರ ಆ ದಿನ ನನಗೆ ನೆನಪೇ ಇಲ್ಲ. ಬೆಳಿಗ್ಗೆಯೋ ಸಂಜೆಯೋ, ಯಾಕೆ ಕೊಲ್ಲಿಗೆ ಹೋಗಿದ್ದೆ, ಜೊತೆಗೆ ಯಾರಿದ್ದರು, ಏನೂ ಇಲ್ಲ. ಹಕ್ಕಿ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದೆ, ಸಾಕ್ಷಿ ಪರದೆಯ ಮೇಲೆ ಇದೆ, ನನ್ನೊಳಗೆ ಮಾತ್ರ ಒಂದು ಚೂರೂ ಉಳಿದಿಲ್ಲ. ಜನವರಿಯದ್ದು ತಿರುವುಮುರುವು. ಸಾಕ್ಷಿ ಅಂದರೆ ಎರಡು ಬೂದಿ ಬಣ್ಣದ ಫೋಟೋ. ನೆನಪು ಅಂದರೆ ಚಗಳಿ ಕಚ್ಚಿದ ಜಾಗ ಕೂಡ. ಎಲೆ ಮಗುಚಿಕೊಂಡಿದ್ದನ್ನು ಈಗ ಕಣ್ಣು ಮುಚ್ಚಿದರೂ ನೋಡಬಲ್ಲೆ. ಯಾವುದು ಮೊದಲ ಸಲ?

‘ಹಾಕೋಲ್ಲ’ ಅಂದೆ.

‘ನಿನ್ನ ಮೊದಲ ಸಲ ಯಾರಿಗೆ ಬೇಕೋ? ಹಕ್ಕಿ ಆ ವರ್ಷ ಅಲ್ಲಿತ್ತು ಅನ್ನೋದು ಬೇಕು’ ಅಂದ ಗೆಳೆಯ. ಅವನು ಮುಲಾಜಿಲ್ಲದೆ ಮಾತಾಡುವವನು. ಒಂದು ವಾರ ಬಿಟ್ಟು ಹಾಕಿದೆ. ಜನವರಿ ಅಳಿಸಿಹೋಗಿ ನನ್ನ ಲೈಫರ್ ದಿನಾಂಕ 2019ಕ್ಕೆ ಹೋಗಿ ಕೂತಿತು. ಮೇಜಿನ ಮೇಲಿರುವ ನೋಟುಬುಕ್ಕಿನಲ್ಲಿ ಮಾತ್ರ 214ನೇ ಹಕ್ಕಿಯ ಮುಂದೆ ಜನವರಿಯನ್ನೇ ಬರೆದಿದ್ದೇನೆ. ಅದನ್ನು ಯಾವ ಸಾಫ್ಟ್‌ವೇರೂ ತಿದ್ದುವುದಿಲ್ಲ.

ಇಷ್ಟೆಲ್ಲ ಆಗುವಾಗ ನನ್ನನ್ನು ಕಾಡಿದ ಇನ್ನೊಂದು ಸಂಗತಿ ಇದೆ. ದಂಡೆ ಜರಿಯುವ ಮೊದಲೂ ಈ ಹಕ್ಕಿ ನಮ್ಮಲ್ಲಿಗೆ ಬರುತ್ತಿತ್ತೇ? ಕಾಫಿಯ ನೆರಳು, ಉದುರಿದ ಎಲೆ ನಮ್ಮ ತೋಟದಲ್ಲಿ ಮೊದಲಿಂದಲೂ ಇದ್ದೇ ಇತ್ತು. ಆದರೆ ಅವಿತುಕೊಳ್ಳಲು ಪೊದೆ ಇರಲಿಲ್ಲ. ನಾನು ಹುಡುಗನಾಗಿದ್ದಾಗ ಕೊಲ್ಲಿಯ ದಂಡೆಯನ್ನೂ ಬಿಡದೆ ಕಳೆ ತೆಗೆಸುತ್ತಿದ್ದರು. ನೆಲ ಕಾಣಬೇಕು ಅನ್ನುವುದು ಅಜ್ಜನ ಕಾಲದ ಮಾತು. ಹಾಗಂತ ನೆರಳಿನ ವಿಷಯದಲ್ಲಿ ಅಜ್ಜ ಜಿಪುಣರಲ್ಲ. ಅರೇಬಿಕಾಕ್ಕೆ ಬಿಸಿಲು ಜಾಸ್ತಿ ಆದರೆ ಬಿಳಿ ಕಾಂಡಕೊರಕ ಹುಳ ಬರುತ್ತದೆ, ಗಿಡವೇ ಹೋಗುತ್ತದೆ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸುವಾಗ, ಅಜ್ಜ ಪಕ್ಕದಲ್ಲೇ ನಿಂತು ‘ಆ ಕೊಂಬೆ ಬಿಡು, ಈ ಕೊಂಬೆ ಬಿಡು’ ಅನ್ನುತ್ತಿದ್ದರಂತೆ. ಹೀಗೆ ಉಳಿದ ನೆರಳು, ಆಮೇಲೆ ಕೊಲ್ಲಿ ತಗೊಂಡ ನಲವತ್ತು ಗಿಡದ ಜಾಗ, ಎರಡೂ ಸೇರಿ ಆ ಮೂಲೆ ಆಗಿದೆ. ಹಕ್ಕಿಗೆ ಜಾಗ ಮಾಡಿಕೊಡಬೇಕು ಅಂತ ನಮ್ಮ ಮನೆಯಲ್ಲಿ ಯಾರೂ ಏನೂ ಮಾಡಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಈ ಫೋಟೋ ನೋಡಿದ ಕೆಲವರು ‘ನೀವು ತೋಟದಲ್ಲಿ ಹಕ್ಕಿಗಾಗಿ ಕಾಡು ಬಿಟ್ಟಿದ್ದೀರಂತೆ’ ಅಂತ ಹೊಗಳಲು ಶುರು ಮಾಡಿದ್ದಾರೆ. ನಾವು ಬಿಟ್ಟಿದ್ದು ಹೆದರಿಕೆಗೆ.

ಮಾರ್ಚ್ ಮಧ್ಯದಲ್ಲಿ ಹೂಮಳೆ ಬಂತು. ಮಳೆ ಬಿದ್ದು ಒಂಬತ್ತನೇ ದಿನ ತೋಟವೆಲ್ಲ ಬಿಳಿ. ಆ ಎರಡು ಮೂರು ದಿನ ಯಾರಿಗೂ ತೋಟದೊಳಗೆ ಕೆಲಸ ಇರುವುದಿಲ್ಲ, ಹೂವಿಗೆ ಕೈ ತಾಗಬಾರದು. ಮಲ್ಲಿಗೆಯಂಥ ವಾಸನೆಗೆ ತಲೆ ಭಾರವಾಗುತ್ತದೆ. ಫೋಟೋ ತೆಗೆಯಲು ಬೆಂಗಳೂರಿನಿಂದ ನೆಂಟರು ಬರುತ್ತಾರೆ. ಎಲ್ಲರೂ ಮೇಲೆ ಹೂವಿನ ಮುಂದೆ ನಿಂತಿದ್ದಾಗ ನಾನು ಕೊಲ್ಲಿಯಲ್ಲಿದ್ದೆ. ಗಂಡು ಇತ್ತು. ಹೆಣ್ಣು ಕಾಣಲಿಲ್ಲ.

ಚಳಿಗಾಲದಲ್ಲಿ ಅದು ಹಾಡುವುದಿಲ್ಲ. ಬರೀ ಆ ಟಕ್ ಟಕ್. ಹಾಡು ಇರುವುದು ಹಿಮಾಲಯಕ್ಕೆ, ಸಂಸಾರದ ಕಾಲಕ್ಕೆ. ಆದರೆ ಹೊರಡುವ ದಿನ ಹತ್ತಿರ ಬಂದಾಗ ಕೆಲವು ಗಂಡುಗಳು ಇಲ್ಲೇ ಸ್ವಲ್ಪ ಗಂಟಲು ಸರಿ ಮಾಡಿಕೊಳ್ಳುತ್ತವೆ ಅಂತ ಗೆಳೆಯ ಹೇಳಿದ್ದ. ಏಪ್ರಿಲ್ ಮೊದಲ ವಾರ ಒಂದು ಬೆಳಿಗ್ಗೆ, ಆರೂವರೆ ಇರಬೇಕು, ಜರಿಗಿಡದೊಳಗಿನಿಂದ ಅದು ಬಂತು. ಮೂರು ತೆಳ್ಳನೆಯ ಶಿಳ್ಳೆ, ನಿಧಾನವಾಗಿ, ಒಂದೊಂದಾಗಿ. ಆಮೇಲೆ ಗಡಬಡಿಸಿ ಉರುಳಿದ ಹಾಗೆ ಒಂದು ಸಣ್ಣ ಸರಮಾಲೆ. ತೀರಾ ಮೆಲ್ಲಗೆ. ಬಚ್ಚಲಲ್ಲಿ ಯಾರಾದರೂ ತಮಗೇ ಅಂತ ಹಾಡಿಕೊಳ್ಳುವಷ್ಟು. ಎರಡು ಸಲ ಹಾಡಿ ನಿಲ್ಲಿಸಿತು. ಇಡೀ ಹೊತ್ತು ಹಕ್ಕಿ ಕಾಣಲೇ ಇಲ್ಲ. ಕ್ಯಾಮೆರಾ ತೊಡೆಯ ಮೇಲೇ ಇತ್ತು.

ಹದಿನೈದು ದಿನದಲ್ಲಿ ಅದು ಹೋಗಿತ್ತು. ಯಾವ ರಾತ್ರಿ ಹೋಯಿತು ಅಂತ ಹೇಳುವ ಹಾಗಿಲ್ಲ.

ಮಳೆಗಾಲ ಕಳೆದು ಸೆಪ್ಟೆಂಬರಿನಲ್ಲಿ ಕಳೆ ಹೊಡೆಯುವ ಮಷಿನ್ ಬಂತು. ಮಷಿನ್ ಹಿಡಿದ ಹುಡುಗ ಹೊಸಬ, ಕೊಲ್ಲಿಯ ಮೂಲೆ ನೋಡಿ, ‘ಇದೂ ಹೊಡೀಬೇಕಾ?’ ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ‘ಬೇಡ, ಅಲ್ಲಿ ಮಣ್ಣು ಸಡಿಲ’ ಅಂದರು. ಸ್ವಲ್ಪ ದೂರ ಹೋಗಿ ತಿರುಗಿ, ‘ನಿನ್ನ ಹಕ್ಕಿ ಯಾವಾಗ ಬರೋದು?’ ಅಂತ ಕೇಳಿದರು.

‘ಅಕ್ಟೋಬರ್, ಅಪ್ಪ.’

‘ಕೊಯ್ಲಿಗೆ ಮೊದಲೇ ನೋಡಿ ಮುಗಿಸು ಹಾಗಾದ್ರೆ.’

ಅಕ್ಟೋಬರ್ ಇಪ್ಪತ್ತರ ಆಚೆ ಈಚೆ ಟಕ್ ಟಕ್ ಕೇಳಿಸಿತು. ಅದೇ ಗಂಡೋ, ಬೇರೆಯದ್ದೋ. ಕಾಲಿಗೆ ಉಂಗುರ ಹಾಕಿದವರಿಗೆ ಮಾತ್ರ ಅದು ಗೊತ್ತಾಗುವ ವಿಷಯ. ಹೆಣ್ಣು ಒಂದು ವಾರ ತಡವಾಗಿ ಕಂಡಿತು. ಈ ಸಲ ಮೊದಲೇ ಗುರುತು ಹಿಡಿದೆ.

ಈಗ ನನ್ನ ಸಂಜೆಗಳು ಆ ಫೋಲ್ಡರಿನಲ್ಲಿ ಕಳೆಯುತ್ತಿವೆ. ‘ಯಾವುದೋ’ದಲ್ಲಿ ಒಟ್ಟು 212 ಫೋಟೋ ಇದ್ದವು. ಇನ್ನೊಂದು ಸಲ ಒಂದೊಂದಾಗಿ ನೋಡುತ್ತಿದ್ದೇನೆ. ಇಪ್ಪತ್ತು ಮೂವತ್ತು ಹೆಸರು ಸಿಕ್ಕಿ ಹೊರಗೆ ಹೋದವು. ಹೆಚ್ಚಿನವು ನಮ್ಮ ಪಿಕಳಾರದ ಮರಿಗಳು, ನನಗೇ ನಗು ಬಂತು. ಮೊನ್ನೆ ಒಂದರ ಹತ್ತಿರ ಸಿಕ್ಕಿಹಾಕಿಕೊಂಡೆ. ಸಿಲ್ವರ್ ಮರದ ತುದಿಯಲ್ಲಿ ಬೆರಳಷ್ಟು ಉದ್ದದ ಹಸಿರು ಮಿಶ್ರಿತ ಬೂದು ಹಕ್ಕಿ, 2020ರದ್ದು. ಎಲೆ ಉಲಿಯಕ್ಕಿಗಳಲ್ಲಿ ಒಂದು ಅನ್ನುವುದರಲ್ಲಿ ಅನುಮಾನ ಇಲ್ಲ. ಅದೂ ಚಳಿಗಾಲಕ್ಕೆ ಬರುವುದೇ. ಗ್ರೀನಿಶ್ ವಾರ್ಬ್ಲರೋ, ಲಾರ್ಜ್ ಬಿಲ್ಡ್ ಲೀಫ್ ವಾರ್ಬ್ಲರೋ? ದೊಡ್ಡದು ಮಾಡಿ, ಬೆಳಕು ಏರಿಸಿ, ಕೊಕ್ಕು ನೋಡಿ, ರೆಕ್ಕೆಯ ಪಟ್ಟಿ ನೋಡಿ ಸಾಕಾಯಿತು. ಕೊನೆಗೆ ಗೆಳೆಯನಿಗೆ ಕಳಿಸಿದೆ.

‘ಕೂಗಿತ್ತಾ?’ ಅಂತ ಕೇಳಿದ. ಅವೆರಡನ್ನು ನೋಡಿ ಹೇಳುವುದಕ್ಕಿಂತ ಕೇಳಿ ಹೇಳುವುದೇ ಖಾತ್ರಿಯಂತೆ.

ಫೋಟೋವನ್ನು ವಾಪಸ್ ಅದೇ ಫೋಲ್ಡರಿಗೆ ಹಾಕಿದ್ದೇನೆ.